ಮುಚ್ಚಳ ಬೇರೆ ಕಟ್ರಿ

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಜಡತ್ವದ ನಿಯಮ ಹೇಳಿಕೊಡುತ್ತಿರುವ ನನಗೆ ಒಂದು ಪಾರ್ಸೆಲ್ ನೆಟ್ಟಗೆ ಕಟ್ಟಲು ಬರುವುದಿಲ್ಲ. ಓಡುವ ಬಸ್ಸು ಗಕ್ಕನೆ ನಿಂತರೆ ಒಳಗಿನವರು ಮುಂದಕ್ಕೆ ಮುಗ್ಗರಿಸುವುದೇಕೆ ಎಂದು ಕೇಳಿ, ಉತ್ತರ ಬಾರದವರ ಕಿವಿ ಹಿಂಡಿದವನು ನಾನು. ಬಸ್ಸಿನೊಳಗಿನ ಮನುಷ್ಯನ ಪಾಡೇ ಲಾರಿಯೊಳಗಿನ ಸಾಮಾನಿಗೂ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ ನೋಡಿ.

ಅದು ಗೊತ್ತಿದ್ದವರು ಹೊನ್ನಾಳಿಯ ನಮ್ಮ ಲಾರಿ ಆಫೀಸಿನಲ್ಲಿ ಸಾಮಾನು ಕಟ್ಟುವ ಬುಡೇನ್ ಸಾಬರು. ಅವರು ಓದಿದ್ದು ಮೂರನೇ ಕ್ಲಾಸು. ಚನ್ನಗಿರಿಗೆ ಹೋಗುವ ಕನ್ನಡಿಯಿರಲಿ, ನ್ಯಾಮತಿಗೆ ಹೋಗುವ ಮಿಕ್ಸಿಯಿರಲಿ, ಸುತ್ತ ಭತ್ತದ ಹುಲ್ಲು ಒತ್ತಿ, ಮೇಲೆ ಗೋಣಿತಾಟು ಸುತ್ತಿ, ದಬ್ಬಣ ಹಿಡಿದು ಹೊಲಿಯುತ್ತಾರೆ. ಹೊಲಿಯುವ ಮುಂಚೆ ಡಬ್ಬವನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವರ ಪದ್ಧತಿ. ಆಗ ಆಫೀಸಿನಲ್ಲಿ ಯಾರೂ ಕೆಮ್ಮುವ ಹಾಗೂ ಇಲ್ಲ. ಒಳಗೆ ಚೂರು ಸದ್ದಾದರೂ ಮತ್ತೆ ಬಿಚ್ಚುವುದೇ.

ಹೋದ ವರ್ಷ ಅವ್ವ ತೀರಿಕೊಂಡಳು. ಜಗಳೂರಿನಲ್ಲಿರುವ ನನ್ನ ಅಕ್ಕ ಆಗ ಕಾಲು ಮುರಿದುಕೊಂಡು ಮಲಗಿದ್ದಳು. ಅವ್ವನ ಮುಖ ನೋಡಲು ಬರಲಾಗಲಿಲ್ಲ. ಫೋನಿನಲ್ಲಿ ಅತ್ತೂ ಅತ್ತೂ ಸುಸ್ತಾಗಿ ಕೊನೆಗೆ ಅವಳು ಕೇಳಿದ್ದು ಒಂದೇ.

"ಅವ್ವನ ಉಪ್ಪಿನಕಾಯಿ ಜಾಡಿ ಕಳ್ಸೋ. ತೊಳೀಬ್ಯಾಡ, ಹಂಗೇ ಕಳ್ಸು."

ನಾನೇ ಬಸ್ಸಿನಲ್ಲಿ ಒಯ್ಯಬಹುದಿತ್ತು. ಪರೀಕ್ಷೆಯ ಕೆಲಸ ಎಂದು ನೆಪ ಹೇಳಿದೆ. ನಿಜವೆಂದರೆ, ಅಕ್ಕನ ಎದುರು ನಿಂತು ಅವಳ ಅಳು ನೋಡುವ ಧೈರ್ಯ ನನಗಿರಲಿಲ್ಲ.

ಆ ಪಿಂಗಾಣಿ ಜಾಡಿಯ ಬಾಯಿಗೆ ಮೂಗಿಟ್ಟರೆ ಸಾಸಿವೆ, ಇಂಗು, ಬೆಳಿಗ್ಗೆ ಹೊತ್ತಿನ ಅವ್ವನ ಸೆರಗು. ಅದು ಹೊರಗೆ ಹೋಗಬಾರದೆಂದು ಮುಚ್ಚಳ ಹಾಕಿ, ಬಟ್ಟೆ ಬಿಗಿದು, ಪೇಪರು ತುರುಕಿ, ಡಬ್ಬ ಹೊತ್ತು ಹೋದೆ. ಸಾಬರು ಅಲ್ಲಾಡಿಸಿದರು. ಟಕ್ ಎಂದಿತು.

"ಮುಚ್ಚಳ ಬೇರೆ ಕಟ್ರಿ ಮೇಷ್ಟ್ರೇ. ಮ್ಯಾಲೇ ಬಿಟ್ರೆ ದಾರಿ ಉದ್ದಕ್ಕೂ ಜಾಡಿ ಬಾಯಿಗೆ ಬಡ್ಕಂತೈತೆ. ಒಳಗೂ ಒಂದಿಷ್ಟು ಹುಲ್ಲು ತುಂಬಾಣ."

"ಬ್ಯಾಡ್ರೀ ಸಾಬ್ರೇ. ಮುಚ್ಚಳ ತೆಗೆದ್ರೆ ಅವ್ವನ ವಾಸ್ನೆ ಹೋಗ್ತೈತೆ."

ಅವರು ಡಬ್ಬ ಕೆಳಗಿಟ್ಟರು. "ನಿಮ್ಮ ಮಾತಿಗೆ ಹೊಲೀತೀನಿ. ಮನ್ಸು ಒಪ್ತಿಲ್ಲ," ಎಂದು ದಬ್ಬಣ ತೆಗೆದುಕೊಂಡರು.

ನಾಲ್ಕನೇ ದಿನ ಅಕ್ಕನ ಫೋನು. "ಬಂತು ಕಣಪ್ಪಾ. ಚೆನ್ನಾಗೈತೆ. ವಾಸ್ನೆನೂ ಹಂಗೇ ಐತೆ." ನಾನು ಅವತ್ತೇ ಲಾರಿ ಆಫೀಸಿಗೆ ಹೋಗಿ ಬುಡೇನ್ ಸಾಬರ ಮುಂದೆ ಮೀಸೆ ತಿರುವಿದೆ. ಪಾಪ, ಅವರು "ಅಲ್ಲಾ ಕಾಪಾಡ್ದ," ಎಂದು ಕೈ ಮುಗಿದರು. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು.

ಮೂರು ತಿಂಗಳ ಮೇಲೆ ಜಗಳೂರಿಗೆ ಹೋದೆ. ಅಡುಗೆಮನೆಯಲ್ಲಿ ಜಾಡಿ ಕಾಣಲಿಲ್ಲ. ಕೇಳಿದರೆ ಅಕ್ಕ ಊಟದ ಮಾತು ತೆಗೆದಳು. ಅವಳು ಕೋಲೂರಿಕೊಂಡು ನೀರು ತರಲು ಹೋದಾಗ ಮಂಚದ ಕೆಳಗೆ ನನ್ನದೇ ಡಬ್ಬ ಕಂಡಿತು. ಎಳೆದು, ಸಾಬರ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದೇ ಇಲ್ಲ. ಸದ್ಯ, ಭದ್ರವಾಗಿಟ್ಟಿದ್ದಾಳೆ ಎಂದುಕೊಂಡು ತೆರೆದೆ.

ಒಳಗೆ ಚೂರುಗಳು. ಒಂದೊಂದನ್ನೂ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ನಡುವೆ ಹುಲ್ಲು ಒತ್ತಿ ಇಟ್ಟಿದ್ದಳು. ಮುಚ್ಚಳ ಮಾತ್ರ ಇಡಿಯಾಗಿತ್ತು. ಅದನ್ನು ಬೇರೆಯೇ ಕಟ್ಟಿದ್ದಳು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು ಕೇಳಿದೆ, "ಒಡೆದ ಚೂರಿಗೆ ಯಾಕಕ್ಕಾ ಇಷ್ಟು ಹುಲ್ಲು?"

"ಇನ್ನೂ ಒಡೀಬಾರ್ದಲ್ಲೋ," ಎಂದಳು. "ನೀ ಬ್ಯಾಸ್ರ ಮಾಡ್ಕಂತೀಯ ಅಂತ ಹೇಳ್ಲಿಲ್ಲ." ಪಕ್ಕದಲ್ಲಿ ಕುಳಿತು, ಜಾಡಿಯ ಬಾಯಿಯ ಒಂದು ಚೂರನ್ನು ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದಳು. "ನೋಡು. ಐತೆ ಅಲ್ವಾ?"

ಮೂಸಿದೆ. ಬರೀ ಹುಲ್ಲಿನ ವಾಸನೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಐತೆ ಅಕ್ಕಾ," ಎಂದೆ. "ಹಂಗೇ ಐತೆ."

ಮೇಷ್ಟರಿಗೆ ಪಾರ್ಸೆಲ್ ಕಟ್ಟುವುದು ಅಷ್ಟರಮಟ್ಟಿಗೆ ಬಂತು. ಬುಡೇನ್ ಸಾಬರಿಗೆ ಮಾತ್ರ ನಾನು ಇವತ್ತಿಗೂ ಏನೂ ಹೇಳಿಲ್ಲ.