ಮಡಿಲಕ್ಕಿಯಲ್ಲಿ ಒಂದು ಹಿಡಿ

ಕಳೆದ ವಾರ ಅಂಚೆಯಲ್ಲಿ ಹಸಿರು ಬಟ್ಟೆಯ ಒಂದು ಸಣ್ಣ ಗಂಟು ಬಂತು. ಬಿಚ್ಚುವ ಮೊದಲೇ ಹಳೇ ಅಕ್ಕಿಯ, ಅರಿಶಿನದ ವಾಸನೆ ಮೂಗಿಗೆ ಬಡಿಯಿತು. ಬಟ್ಟೆಯ ಗುರುತು ಕೂಡಲೇ ಸಿಕ್ಕಿತು. ಒಂದು ಕಾಲಕ್ಕೆ ನನ್ನದಾಗುತ್ತದೆ ಎಂದು ನಾನು ಕಾದಿದ್ದ ರವಿಕೆ ಕಣ ಅದು.

ಆಗ ನಾವು ರಾಮಾಪುರದಲ್ಲಿದ್ದೆವು, ಅವ್ವ ಮತ್ತು ನಾನು ಇಬ್ಬರೇ. ನಾನು ದಿನಾ ಬಸ್ಸಿನಲ್ಲಿ ಕೊಳ್ಳೇಗಾಲದ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಹನೂರಿನ ಸಂಸ್ಥೆಯೊಂದರವರು ಪೋಲೆಂಡ್ ದೇಶದ ಹುಡುಗಿಯೊಬ್ಬಳನ್ನು ಕರೆತಂದು, ಶಾಲೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ, ಐದು ತಿಂಗಳು ನಿಮ್ಮಲ್ಲಿರಲಿ ಎಂದು ಬಿಟ್ಟು ಹೋದರು. ಸಂಬಳವಿಲ್ಲದ ಕೆಲಸವಂತೆ. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ. ಸಂಬಳವಿಲ್ಲದೆ ಯಾರಾದರೂ ಸಮುದ್ರ ದಾಟಿ ರಾಮಾಪುರಕ್ಕೆ ಬರುತ್ತಾರೆಯೇ? ನಾನಾಗಿದ್ದರೆ ಹನೂರಿಗೂ ಹೋಗುತ್ತಿರಲಿಲ್ಲ.

ನನ್ನ ಮಂಚ ಅವಳದಾಯಿತು. ನಾನು ಚಾಪೆಗೆ ಇಳಿದೆ. ಅವಳು ಮುದ್ದೆಯನ್ನು ನುಂಗದೆ ಅಗಿದು ತಿನ್ನುತ್ತಿದ್ದಳು. ಯಾವಾಗ ನೋಡಿದರೂ ಒಂದು ಪುಸ್ತಕದಲ್ಲಿ ಏನೋ ಗೀಚುತ್ತಿದ್ದಳು. ನಮ್ಮ ಬಚ್ಚಲು, ಹರಿದ ಚಾಪೆ ಎಲ್ಲ ಬರೆದುಕೊಂಡು ಹೋಗಿ ಅಲ್ಲಿ ನಗಲಿಕ್ಕೇ ಬಂದಿದ್ದಾಳೆ ಎಂದುಕೊಂಡೆ. ಅವಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ಪುಸ್ತಕ ತೆಗೆದು ನೋಡಿದೆ. ಬರೀ ಚಿತ್ರಗಳು. ಅವ್ವ ಮುದ್ದೆ ಕಟ್ಟುವುದು, ಅವ್ವ ತಲೆ ಬಾಚುವುದು, ಅವ್ವನ ಕೈ... ಕೊನೆಯಲ್ಲಿ ಹುಬ್ಬು ಗಂಟಿಕ್ಕಿಕೊಂಡು ನಿಂತ ಒಬ್ಬಳು ಹುಡುಗಿ. ಅದು ನಾನೇ. ಅಷ್ಟು ಚೆನ್ನಾಗಿ ನನ್ನನ್ನು ಹಿಡಿದಿದ್ದಳೆಂಬುದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅವ್ವನಿಗೂ ಅವಳಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಆದರೂ ದಿನವಿಡೀ ಮಾತಾಡುತ್ತಿದ್ದರು. "ಅವ್ವ, ಉಂಡ್ಯಾ?" ಎಂದು ಅವಳು ನಮ್ಮೂರ ರಾಗದಲ್ಲೇ ಕೇಳಿದರೆ ಅವ್ವ ಕರಗಿ ನೀರಾಗುತ್ತಿದ್ದಳು. ಒಂದು ದಿನ ಅಂಗಡಿಯಲ್ಲಿ ಅವ್ವ ಅವಳನ್ನು ತೋರಿಸಿ, "ಇವ್ಳು ನನ್ ದೊಡ್ಮಗ್ಳು ಕಣಪ್ಪ" ಎಂದದ್ದು ನನ್ನ ಕಿವಿಗೆ ಬಿತ್ತು. ಅನುಮಾನದ ಒಳಗೆ ಇದ್ದದ್ದು ಹೊಟ್ಟೆಯುರಿ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪಿಕೊಳ್ಳುವಷ್ಟು ಬುದ್ಧಿ ಇರಲಿಲ್ಲ.

ಅವಳು ಹೊರಡುವ ದಿನ ಬೆಳಿಗ್ಗೆ ಅವ್ವ ಮಡಿಲಕ್ಕಿ ತುಂಬಲು ಕೂತಳು. ಯಳಂದೂರಿನ ಅತ್ತೆ ಮನೆಯಿಂದ ಬಂದಿದ್ದ ದಪ್ಪಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಎಲೆ ಅಡಿಕೆ, ಮೇಲೆ ಆ ಹಸಿರು ಕಣ.

"ಮದ್ವೆ ಆಗ್ದೋಳ್ಗೆ ಯಾವ ಮಡ್ಲಕ್ಕಿಯವ್ವಾ?" ಎಂದೆ.

"ಮನೆ ಬುಟ್ಟು ಓಗ ಎಣ್ಮಕ್ಳೆಲ್ಲ ಒಂದೇ ಕಣವ್ವ" ಎಂದು ಅವ್ವ ಅವಳ ಸೆರಗಿಗೆ, ಅಂದರೆ ಕುತ್ತಿಗೆಗೆ ಸುತ್ತಿದ್ದ ದುಪಟ್ಟಾಕ್ಕೆ, ಎಲ್ಲ ಸುರಿದಳು. ಆಮೇಲೆ ನನ್ನ ಕಡೆ ತಿರುಗಿ, "ಅದ್ರಲ್ಲಿ ಒಂದಿಡಿ ನಮ್ಮ ಮಡ್ಕಗೆ ಆಕ್ಬುಟ್ಟು ಓಗು ಅಂತ ಅವ್ಳ ಮಾತ್ನಲ್ಲಿ ಏಳು. ತವರ್ಗೆ ಬುಟ್ಟೋದ್ರೆ ತಾನೆ ತಿರ್ಗ ಬರಾದು" ಎಂದಳು.

ನಾನು ಹೇಳಿದೆ. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಎಲ್ಲ ನೀನೇ ತೆಗೆದುಕೊಂಡು ಹೋಗು, ಒಂದು ಕಾಳೂ ಇಲ್ಲಿ ಬಿಡಬಾರದು, ಬಿಟ್ಟರೆ ಕೆಟ್ಟದ್ದು.

ಅವಳು ನೆಲಕ್ಕೆ ಬಿದ್ದ ಕಾಳುಗಳನ್ನೂ ಒಂದೊಂದಾಗಿ ಆಯ್ದು ಗಂಟಿಗೆ ಹಾಕಿಕೊಂಡಳು. ಅವ್ವ ಮಡಕೆಯ ಮುಚ್ಚಳ ತೆಗೆದು ಹಿಡಿದುಕೊಂಡೇ ನಿಂತಿದ್ದಳು. ಅವಳು ಆ ಕಡೆ ನೋಡಲೂ ಇಲ್ಲ. ಬಸ್ಸು ಬಂತು. ಅವ್ವನನ್ನು ತಬ್ಬಿಕೊಂಡು ಅತ್ತಳು, ನನ್ನನ್ನೂ ತಬ್ಬಿಕೊಂಡಳು. ನಾನು ಕಂಬದ ಹಾಗೆ ನಿಂತಿದ್ದೆ.

"ಏಳ್ದ್ಯಾ?" ಎಂದಳು ಅವ್ವ, ಬಸ್ಸು ಮರೆಯಾದ ಮೇಲೆ.

"ಏಳ್ದೆ ಕಣವ್ವ."

"ಮತ್ಯಾಕ್ ಬುಡ್ನಿಲ್ಲ..."

ಅದೊಂದನ್ನು ಅವ್ವ ಆಮೇಲೂ ಎಷ್ಟೋ ವರ್ಷ ಕೇಳಿಕೊಳ್ಳುತ್ತಲೇ ಇದ್ದಳು, ಯಾರನ್ನೂ ಅಲ್ಲ, ತನ್ನಷ್ಟಕ್ಕೆ. ನಾವು ಕೊಳ್ಳೇಗಾಲಕ್ಕೆ ಬಂದ ಮೇಲೂ ಕೇಳಿದ್ದುಂಟು. ನಾನು ಒಮ್ಮೆಯಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ರಾಮಾಪುರದ ವಿಳಾಸಕ್ಕೆ ಹೋಗಿ ಇಲ್ಲಿಗೆ ತಿರುಗಿಬಂದ ಆ ಗಂಟಿನ ಜೊತೆ ಚೀಟಿಯೊಂದಿತ್ತು. ಯಾರನ್ನೋ ಕೇಳಿ ಬರೆದ, ಮಕ್ಕಳ ಅಕ್ಷರದ ಕನ್ನಡ. ಅವಳ ಊರಿಗೆ ಓದಲು ಬಂದ ನಮ್ಮ ಕಡೆಯ ಹುಡುಗಿಯೊಬ್ಬಳು ಮಡಿಲಕ್ಕಿಯ ಪದ್ಧತಿ ಹೇಳಿದಳಂತೆ. "ಒಂದು ಹಿಡಿ ಬಿಡಬೇಕಿತ್ತು. ನೀನು ಹೇಳಿದ್ದು ನನಗೆ ತಪ್ಪಾಗಿ ಅರ್ಥವಾಯಿತು. ನನ್ನ ತಪ್ಪು. ಇದನ್ನು ಅವ್ವನ ಮಡಕೆಗೆ ಹಾಕು."

ನಾಲ್ಕು ಸಲ ಓದಿದೆ. ಹಾಳು ಅನುಮಾನ ಈಗಲೂ ಬಿಡಲೊಲ್ಲದು. ನಿಜವಾಗಿಯೂ ತಪ್ಪು ತನ್ನದೆಂದೇ ನಂಬಿದ್ದಾಳೆಯೇ? ಅಥವಾ ಎಲ್ಲ ತಿಳಿದೂ, ನನ್ನ ಮುಖ ಉಳಿಸಲು ಹೀಗೆ ಬರೆದಳೇ? ಹುಬ್ಬು ಗಂಟಿಕ್ಕಿದ ನನ್ನನ್ನು ಅಷ್ಟು ಸರಿಯಾಗಿ ಬರೆದವಳಿಗೆ ನನ್ನ ಸುಳ್ಳು ಕಾಣದೆ ಇದ್ದೀತೆ...

ಅವ್ವನ ಮಡಕೆ ಅಡುಗೆಮನೆಯ ಮೂಲೆಯಲ್ಲಿದೆ. ಈಗ ಅದರಲ್ಲಿ ಈರುಳ್ಳಿ ಇಡುತ್ತೇವೆ. ಈರುಳ್ಳಿ ತೆಗೆದು, ಒರೆಸಿ, ಆ ಹಿಡಿ ಅಕ್ಕಿಯನ್ನು ಹಾಕಿದೆ. ಆಮೇಲೆ ಉತ್ತರ ಬರೆಯಲು ಕೂತೆ. "ನಿನಗೆ ತಪ್ಪಾಗಿ ಅರ್ಥವಾಗಿರಲಿಲ್ಲ ಅಕ್ಕ, ನಾನೇ ಬೇಕೆಂದು ತಪ್ಪು ಹೇಳಿದೆ" ಎಂಬ ಸಾಲು ಹೇಗೋ ಬಂತು. ಅದರ ಕೆಳಗೆ, ಅವ್ವ ಹೋಗಿ ನಾಲ್ಕು ವರ್ಷವಾಯಿತು ಎಂದು ಬರೆಯಬೇಕು. ಆ ಸಾಲಿಗೆ ಇನ್ನೂ ಕೈ ಬಂದಿಲ್ಲ.