ಪಂಕ್ತಿ ಎದ್ದಾಗ ಕರೆಂಟು ಹೋಯಿತು

ಎರಡು ವರ್ಷದ ಹಿಂದಿನ ಶ್ರಾವಣ. ಸಂಪಾಜೆ ಹತ್ತಿರದ ಗುಡ್ಡದಲ್ಲಿ ನಾವು ಕಟ್ಟಿದ ಪುಟ್ಟ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಆ ಮನೆಯ ನಕ್ಷೆ ಬರೆದವಳೂ ನಾನೇ, ಸೊಸೆಯೂ ನಾನೇ. ಹಾಗಾಗಿ ಎರಡು ಪರೀಕ್ಷೆಯೂ ಒಂದೇ ದಿನ ಬಂದಿದ್ದವು.

ನಾನು ಕುಶಾಲನಗರ ಕಡೆಯವಳು. ಸಿವಿಲ್ ಡಿಪ್ಲೊಮಾ ಓದಿ, ಸಣ್ಣ ಮನೆಗಳ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಮದುವೆಯಾಗಿ ಬಂದದ್ದು ಅರೆಭಾಷೆ ಮಾತಾಡುವ ಮನೆಗೆ. ನಮ್ಮವರ ಪಾಲಿಗೆ ಬಂದ ಕಾಫಿ ತೋಟಕ್ಕೆ ಕರೆಂಟು ಕಂಬ ಬರಬೇಕಾದರೆ ಕಾಡು ದಾಟಿಯೇ ಬರಬೇಕು. ಬಂದರೂ ಮಳೆಗಾಲದಲ್ಲಿ ತಂತಿ ಮೇಲೆ ಮರ ಬೀಳುವುದು ತಪ್ಪದು. ಕಂಬದ ಹಂಗೇ ಬೇಡ ಎಂದು ನಾನು ಹಟ ಹಿಡಿದೆ. ಮಣ್ಣಿನ ಇಟ್ಟಿಗೆಯ ಗೋಡೆ, ಅಡುಗೆಗೆ ಗೋಬರ್ ಗ್ಯಾಸು, ಮಾಡಿನ ಮಳೆ ನೀರಿಗೆ ಹಿತ್ತಲಲ್ಲಿ ದೊಡ್ಡ ತೊಟ್ಟಿ. ಮೇಲಿನ ಹಳ್ಳದಿಂದ ಒಂದು ಪೈಪು ಇಳಿಸಿ, ಅದರ ಒಂದು ಕವಲನ್ನು ಮನೆಯ ನಲ್ಲಿಗಳಿಗೆ, ಇನ್ನೊಂದನ್ನು ಕೆಳಗಿನ ಪುಟ್ಟ ಟರ್ಬೈನಿಗೆ ಕೊಟ್ಟೆವು. ನೀರು ಬಿದ್ದು ಚಕ್ರ ತಿರುಗಿದರೆ ಮನೆಗೆ ಕರೆಂಟು. ಹಳ್ಳ ಬತ್ತುವ ಬೇಸಿಗೆಗೆ ಸೋಲಾರ್ ಹಾಕುವುದೆಂದು ಮಾತಾಗಿತ್ತು, ಅದು ಇನ್ನೂ ಬಂದಿರಲಿಲ್ಲ.

ಇದೆಲ್ಲ ಕೇಳಿ ಅತ್ತೆಗೆ ಸಂತೋಷವೇನೂ ಆಗಲಿಲ್ಲ. ಅವರು ಆಗ ಮಡಿಕೇರಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಹೊಸ ಮನೆಯಲ್ಲಿ ನಾನು ಮೊದಲು ಗೆರೆ ಎಳೆದದ್ದೇ ಅವರ ಕೋಣೆಗೆ. ನನ್ನ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡವರು. ಅತ್ತೆ ಜೊತೆಗಿರಬೇಕು ಎಂಬ ಆಸೆ ನನಗೆ ನಮ್ಮವರಿಗಿಂತ ಜಾಸ್ತಿ ಇತ್ತು. ಆದರೆ ಅವರು ಖಂಡಿತವಾಗಿ ಹೇಳಿಬಿಟ್ಟಿದ್ದರು.

"ಅರ್ಧ ಆಯುಷ್ಯ ಚಿಮಿಣಿ ದೀಪದ ಹೊಗೆ ಕುಡ್ದೇ ಕಳ್ದೆ. ಪುನಃ ಕತ್ತಲೆಗೆ ಕರಿಬೇಡ. ಒಕ್ಕಲಿಗೆ ಬನ್ನೆ. ಆ ದಿನ ಕರೆಂಟ್ ಹೋದರೆ ಸಾಯಂಕಾಲನೇ ದೊಡ್ಡವನ ಜೀಪ್ ಹತ್ತಿ ಹೋನೆ."

ನಾನು ಧೈರ್ಯವಾಗಿ ಒಪ್ಪಿಕೊಂಡೆ. ಲೆಕ್ಕ ಹಾಕಿದವಳು ನಾನೇ ತಾನೆ.

ಒಕ್ಕಲಿನ ದಿನ ಬೆಳಿಗ್ಗೆ ಗಣಹೋಮ ಚೆನ್ನಾಗಿಯೇ ನಡೆಯಿತು. ಬಲ್ಬು ಝಗಝಗ ಉರಿಯುತ್ತಿತ್ತು. ಮಿಕ್ಸಿ ತಿರುಗುತ್ತಿತ್ತು. ನೆಂಟರೆಲ್ಲ ಟರ್ಬೈನ್ ನೋಡಿ ಬಂದು ಬೆನ್ನು ತಟ್ಟಿದರು. ನಾನಂತೂ ಜಂಭದಿಂದ ನೆಲದ ಮೇಲೆ ನಡೆಯುತ್ತಿರಲಿಲ್ಲ. ಅತ್ತೆ ಮಾತ್ರ ಒಂದು ಕಣ್ಣು ಬಲ್ಬಿನ ಮೇಲಿಟ್ಟೇ ಓಡಾಡುತ್ತಿದ್ದರು.

ಮಧ್ಯಾಹ್ನ ಶಾಮಿಯಾನದಡಿ ಮೊದಲ ಪಂಕ್ತಿ ಕೂತಿತು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವರು ಉಂಡು ಮುಗಿದರೂ ಏಳುವುದಿಲ್ಲ, ಕೊನೆಯವರ ಮಜ್ಜಿಗೆ ಅನ್ನ ಮುಗಿಯುವವರೆಗೆ ಕಾಯುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೇ ಏಳಬೇಕು. ಹುಟ್ಟಿದಾಗಿನಿಂದ ನೋಡುತ್ತಿರುವ ಈ ಪದ್ಧತಿ ನಕ್ಷೆ ಮಾಡುವಾಗ ನನ್ನ ತಲೆಗೆ ಬಂದಿರಲೇ ಇಲ್ಲ. ನಾನು ಲೆಕ್ಕ ಹಾಕಿದ್ದು ಮನೆಯಲ್ಲಿ ಇರುವ ಮೂರು ಜನಕ್ಕೆ.

ಪಂಕ್ತಿ ಎದ್ದಿತು. ಇಡೀ ಸಾಲು ಅಂಗಳದಂಚಿನ ನಲ್ಲಿಗಳ ಕಡೆ ಹೊರಟಿತು. ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆದವು. ಟರ್ಬೈನಿಗೆ ಇಳಿಯಬೇಕಾದ ನೀರೆಲ್ಲ ನೆಂಟರ ಕೈ ತೊಳೆಯಲು ಹೋಯಿತು. ಅಡುಗೆಮನೆಯ ಬಲ್ಬು ಕೆಂಪಗಾಗಿ ಆರಿತು. ಎರಡನೇ ಪಂಕ್ತಿಯ ಪಾಯಸಕ್ಕೆ ಕಾಯಿ ಅರೆಯುತ್ತಿದ್ದ ಮಿಕ್ಸಿ ನರಳಿ ನಿಂತಿತು. ಹೊರಗೆ ಮೋಡ ಕವಿದಿದ್ದರಿಂದ ಒಳಗೆ ಪಾತ್ರೆ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ.

ವಿಷಯ ಮೊದಲು ಗೊತ್ತಾದದ್ದು ಅತ್ತೆಯ ದೊಡ್ಡ ಮಗನಿಗೆ, ಅಂದರೆ ನಮ್ಮ ಭಾವನಿಗೆ. ಅವರು ಒಳ್ಳೆಯವರೇ, ಆದರೆ ತಮಾಷೆಗೆ ಸಿಕ್ಕಿದ್ದನ್ನು ಬಿಡುವವರಲ್ಲ. ತಮ್ಮನ ಹೆಗಲ ಮೇಲೆ ಕೈ ಹಾಕಿ, "ಕೈ ತೊಳ್ದರೆ ಕರೆಂಟ್ ಹೋವ ಮನೆನ ನಾ ಇದೇ ಸುರು ನೋಡ್ದು, ಮಾರಾಯ" ಎಂದರು. ಅಂಗಳವೆಲ್ಲ ನಕ್ಕಿತು. ನಮ್ಮವರೂ ನಗಲು ನೋಡಿದರು, ಆಗಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಗು ನನಗೆ ದೊಡ್ಡದಲ್ಲ. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

ಅಡುಗೆಮನೆಯ ಕತ್ತಲಲ್ಲೇ ಅತ್ತೆಯ ದನಿ ಕೇಳಿತು. "ಎಂತ ನಿಂತ್ಕಂಡ್ ನೋಡ್ತಾ ಒಳ? ಹೋಗಿ ನಲ್ಲಿ ಮುಚ್ಚು. ಹಿತ್ತಲ ತೊಟ್ಟಿಲಿ ಮಳೆ ನೀರ್ ತುಂಬಿ ಹರಿತಾ ಉಟ್ಟಲ್ಲ."

ಪೂಜೆಗೆ ತಂದಿದ್ದ ಹಿತ್ತಾಳೆ ಗಿಂಡಿ ಹಿಡಿದು ಅವರು ಹೊರಗೆ ಹೋದರು. ನಾನು ನಲ್ಲಿಗಳನ್ನೆಲ್ಲ ಮುಚ್ಚಿದೆ, ನಮ್ಮವರು ತೊಟ್ಟಿಯಿಂದ ಬಕೆಟ್ ಬಕೆಟ್ ನೀರು ತಂದರು. ಅತ್ತೆ ಬಾಳೆ ಬುಡದ ಹತ್ತಿರ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬೊಬ್ಬರ ಕೈಗೂ ಗಿಂಡಿಯಿಂದ ನೀರು ಹೊಯ್ಯತೊಡಗಿದರು. ಭಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ತಲೆ ಎತ್ತಲೂ ಇಲ್ಲ.

"ಬಂದವ್ಕೆ ಕೈಗೆ ನೀರ್ ಕೊಡ್ದು ನಮ್ಮ ಮನೆ ಮರ್ಯಾದೆ. ಸುಮ್ಮನೆ ಕೈ ನೀಡ್."

ನಮ್ಮ ಮನೆ. ಆ ದಿನ ಬೆಳಿಗ್ಗೆಯವರೆಗೆ ಅವರ ಬಾಯಲ್ಲಿ ಅದು 'ನಿಮ್ಮ ಮನೆ'ಯೇ ಆಗಿತ್ತು.

ಅಷ್ಟರಲ್ಲಿ ಬಲ್ಬು ಉರಿಯಿತು. ಗಡಿಬಿಡಿಯಲ್ಲಿ ಮಿಕ್ಸಿಯ ಸ್ವಿಚ್ಚು ಆರಿಸಲು ಮರೆತಿದ್ದೆವು. ಯಾರೂ ಇಲ್ಲದ ಅಡುಗೆಮನೆಯಲ್ಲಿ ಅದು ತನ್ನಷ್ಟಕ್ಕೆ ಗರ್ ಎಂದು ಅರೆಯತೊಡಗಿತು. ಮತ್ತೆ ಎಲ್ಲರೂ ನಕ್ಕರು, ಈ ಸಲ ನಾನೂ ನಕ್ಕೆ. ಎರಡನೇ ಪಂಕ್ತಿಗೆ, ಮೂರನೇ ಪಂಕ್ತಿಗೆ ಅತ್ತೆಯೇ ನಿಂತು ನೀರು ಕೊಟ್ಟರು. ಪುನಃ ಕರೆಂಟು ಹೋಗಲಿಲ್ಲ.

ಆದರೂ ಮಾತು ಮಾತೇ. ಕರೆಂಟು ಒಮ್ಮೆ ಹೋದದ್ದು ನಿಜ. ಸಾಯಂಕಾಲ ಭಾವ ಜೀಪು ತಿರುಗಿಸಿ ನಿಲ್ಲಿಸಿ ಅವ್ವನನ್ನು ಕರೆದರು. ನಾನು ತಡೆಯಲು ಹೋಗಲಿಲ್ಲ, ಯಾವ ಬಾಯಿಂದ ತಡೆಯಲಿ? ಅತ್ತೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಹತ್ತಿರ ಬಂದರು.

"ನೀ ಹೋಗು. ಇವ್ಳಿಗೆ ಪಂಕ್ತಿ ಗೊತ್ತಿಲ್ಲೆ, ನಂಗೆ ಆ ಮಿಷನ್ ಗೊತ್ತಿಲ್ಲೆ. ಇಬ್ಬರೂ ಕಲಿಯೊಕು."

ಟರ್ಬೈನಿಗೆಂದೇ ಬೇರೆ ಪೈಪು ಹಾಕಿ ಈಗ ಎರಡು ಮಳೆಗಾಲ ಕಳೆಯಿತು. ಪೈಪಿನ ಬಾಯಿಗೆ ಎಲೆ ಸಿಕ್ಕಿದರೆ ಚಕ್ರದ ಸದ್ದು ಕೇಳಿಯೇ ಅತ್ತೆ ಹೇಳುತ್ತಾರೆ. ಈಗ ಯಾರಾದರೂ ಸಣ್ಣ ಮನೆಯ ನಕ್ಷೆ ಕೇಳಿ ಬಂದರೆ, ಮನೆಯಲ್ಲಿ ಎಷ್ಟು ಜನ ಇರುತ್ತೀರಿ ಎಂದು ಕೇಳುವ ಮೊದಲು, ನಿಮ್ಮ ಮನೆಗೆ ಎಷ್ಟು ಜನ ಬರುತ್ತಾರೆ ಎಂದು ಕೇಳುತ್ತೇನೆ. ಇದು ನಾನು ಕಲಿತ ಪಾಠ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕತ್ತಲೆಗೆ ಅಷ್ಟು ಹೆದರುತ್ತಿದ್ದವರು, ಅದೇ ಕತ್ತಲಾದ ಗಳಿಗೆಯಲ್ಲಿ ತಮ್ಮ ಹೆದರಿಕೆ ಬಿಟ್ಟು ನನ್ನ ಮಾನ ನೋಡಿದರು. ಅದನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ.