ಆಚೆ ಸಾಲಿನ ದನಿ

ಅಕ್ಕನಿಗೆ ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸುತ್ತಿದೆ ಎಂದು ನಮಗೆ ಗೊತ್ತಾಗಲು ಒಂದು ಇಡೀ ದ್ರಾಕ್ಷಿ ಹಂಗಾಮು ಬೇಕಾಯಿತು. ತೋಟ ಇದ್ದ ರೀತಿಯೇ ಹಾಗಿತ್ತು. ಕಾಗವಾಡದ ನಮ್ಮ ಹೊಲದಲ್ಲಿ ತಂತಿಗೆ ಹಬ್ಬಿಸಿದ ಬಳ್ಳಿಗಳು; ಈ ಸಾಲಿನವರಿಗೆ ಆಚೆ ಸಾಲಿನವರ ಮುಖ ಕಾಣುವುದಿಲ್ಲ, ಮಾತಷ್ಟೇ ಬರುತ್ತದೆ. ಕೆಲಸಕ್ಕೆ ಬರುವ ಹೆಂಗಸರಲ್ಲಿ ಅರ್ಧ ಜನ ಮರಾಠಿಯವರು. ಗೊಂಚಲಿನಲ್ಲಿ ಹೆಚ್ಚಾದ ಕಾಯಿಗಳನ್ನು ಸಣ್ಣ ಕತ್ತರಿಯಿಂದ ಬಿಡಿಸುತ್ತ ನಿಂತ ಅಕ್ಕ ನಡುನಡುವೆ ಕೈ ನಿಲ್ಲಿಸಿ, ಕತ್ತು ವಾಲಿಸಿ, "ನಾಹೀ ಯೇತ ಮೀ" ಅನ್ನುತ್ತಿದ್ದಳು. ನಾನು ಬರೋದಿಲ್ಲ ಅಂತ. ಯಾರೋ ಚಹಾಕ್ಕೆ ಕರೆದಿರಬೇಕು ಎಂದುಕೊಂಡು ನಾವು ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದೆವು.

ಆಳುಗಳು ಬಾರದ ಒಂದು ದಿನ ತೋಟದಲ್ಲಿ ನಾವಿಬ್ಬರೇ ಇದ್ದೆವು. ಆಗಲೂ ಆಕೆ ಹಾಗೇ ಅಂದಳು.

"ಯಾರಿಗೆ ಅಂತಿ ಬೇ?" ಅಂದೆ.

"ಆ ಹೆಣ್ಣಮಗಳು ಕರ್ಯಾಕತ್ತಾಳಲ್ಲ, ಆಕಿಗೆ."

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ, ನನ್ನಷ್ಟು ಶಾಣ್ಯಾರು ಯಾರೂ ಇಲ್ಲ ಎಂಬ ಧಿಮಾಕಿತ್ತು. ಆಚೆ ಸಾಲಿಗೆ ಓಡಿಹೋಗಿ ತಂತಿ ಹಿಡಿದು ಎಲೆಯೆಲ್ಲ ಅಲುಗಾಡಿಸಿದೆ. "ನೋಡು, ಯಾರ್ ಅದಾರ ಇಲ್ಲಿ?"

"ನೀ ಬಂದ ಕೂಡ್ಲೆ ಸುಮ್ಮನಾದ್ಲು," ಅಂದಳು ಅಕ್ಕ, ನನ್ನನ್ನೇ ತಪ್ಪಿತಸ್ಥೆ ಮಾಡುವಂತೆ.

ಮಿರಜಿನ ಡಾಕ್ಟರು ರೋಗದ ಹೆಸರು ಹೇಳಿದರು, ಗುಳಿಗೆ ಕೊಟ್ಟರು. ಅಕ್ಕ ಬಹಳಮಟ್ಟಿಗೆ ಸುಧಾರಿಸಿದಳು. ರೊಟ್ಟಿ ಬಡಿದಳು, ನನ್ನ ಮದುವೆಯಲ್ಲಿ ಓಡಾಡಿದಳು, ನಾನು ಅತ್ತೆ ಮನೆಯಿಂದ ಬಂದಾಗಲೆಲ್ಲ ನನ್ನನ್ನು ಆಡಿಕೊಂಡು ನಕ್ಕಳು. ಆದರೆ ದನಿ ಪೂರ್ತಿ ಹೋಗಲಿಲ್ಲ. ನನ್ನ ಬಾಯಿಂದ "ಸುಳ್ಳ ಹೇಳಬ್ಯಾಡ" ಎಂಬ ಮಾತೂ ಹೋಗಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಕೆಲಸ ತಪ್ಪಿಸಲು ಸೋಗು ಹಾಕುತ್ತಾಳೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ.

ಎಷ್ಟೋ ವರ್ಷದ ಮೇಲೆ ಅದೇ ಡಾಕ್ಟರು ಒಂದು ವಿಷಯ ಹೇಳಿದರು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಯಂತ್ರಗಳನ್ನು ಒಟ್ಟಿಗೆ ಹಚ್ಚಿ ಇಂಥವರ ಮಿದುಳು ನೋಡುತ್ತಾರಂತೆ, ಸಂಶೋಧನೆಗೆ. ಚಿಕಿತ್ಸೆ ಅಲ್ಲ, ಬೇಕಿದ್ದರೆ ಹೋಗಿ ಅಂದರು. ಸುಮ್ಮನೆ ಯಾಕೆ ಅಷ್ಟು ದೂರ ಎಂದು ನಾನು ಮೂಗು ಮುರಿದೆ. ಅಕ್ಕ ಆಗಲೇ ಚೀಲ ತುಂಬಿಕೊಳ್ಳುತ್ತಿದ್ದಳು.

"ಆ ಮಶೀನಿಗರೆ ಕೇಳಸತೈತೇನ ನೋಡೂಣು. ಮನ್ಯಾಗಂತೂ ಯಾರಿಗೂ ಕೇಳಸೂದಿಲ್ಲ."

ಅಂದರೆ ಆಕೆ ಹೊರಟಿದ್ದು ಸಾಕ್ಷಿ ಹುಡುಕಿಕೊಂಡು. ಕುಡಚಿಯಲ್ಲಿ ರೈಲು ಹತ್ತಿದಾಗಲೂ ನನಗದು ತಲೆಗೆ ಹೋಗಿರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಚಂದ ಕಾಣಲಿ ಎಂದು ಬೆಳಿಗ್ಗೆ ನಾನೇ ಅಕ್ಕನ ತಲೆಗೆ ಕೊಬ್ಬರಿ ಎಣ್ಣೆ ಜಿನುಗುವಷ್ಟು ಹಚ್ಚಿ ಬಿಗಿಯಾಗಿ ಹೆರಳು ಹಾಕಿದ್ದೆ. ಅದನ್ನು ಕಂಡು ಅಲ್ಲಿನವರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ತಲೆಗೆ ಹಾಕುವ ತಂತಿಯ ಟೊಪ್ಪಿಗೆ ಎಣ್ಣೆಯ ಮೇಲೆ ಹಿಡಿಯುವುದಿಲ್ಲವಂತೆ. ಸ್ನಾನದ ಮನೆಯಲ್ಲಿ ಎರಡು ಸಲ ತಲೆ ತೊಳೆಸಿದೆ. ಆಮೇಲೆ ಕೂದಲು ಬಿಡಿಸಿ ಬಿಡಿಸಿ ಟೊಪ್ಪಿಗೆಯ ಒಂದೊಂದು ಬಿಲ್ಲೆಯ ಅಡಿಗೂ ಅಂಟಂಟಾದ ಜೆಲ್ ತುಂಬಿದರು. "ತಂಗೀ, ನಿನ್ನ ಎಣ್ಣಿನ ಚಲೋ ಇತ್ತು ನೋಡು," ಅಂದು ಅಕ್ಕ ನಕ್ಕಳು.

ಅಲ್ಲಿನ ಡಾಕ್ಟರು ಮೇಡಂ ನನಗೆ ಸಮಾಧಾನದಿಂದ ತಿಳಿಸಿ ಹೇಳಿದರು. ಸುರಂಗದಂಥ ಎಂ.ಆರ್.ಐ. ಯಂತ್ರಕ್ಕೆ ಮಿದುಳಿನ ಯಾವ ಜಾಗ ಕೆಲಸ ಮಾಡಿತು ಎಂದು ಗೊತ್ತಾಗುತ್ತದೆ, ಆದರೆ ತಡವಾಗಿ. ಮಿದುಳಿನ ವಿದ್ಯುತ್ ಅಲೆ ಹಿಡಿಯುವ ತಂತಿಯ ಟೊಪ್ಪಿಗೆಗೆ ಅದು ಕೆಲಸ ಮಾಡಿದ ಕ್ಷಣ ಗೊತ್ತಾಗುತ್ತದೆ, ಜಾಗ ಸರಿಯಾಗಿ ತಿಳಿಯುವುದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲೂ ಹಾಗೇ, ಒಬ್ಬನಿಗೆ ಬಸ್ಸಿನ ಊರು ಗೊತ್ತಿರುತ್ತದೆ, ಇನ್ನೊಬ್ಬನಿಗೆ ಟೈಮು. ಇಬ್ಬರನ್ನೂ ಕೇಳಿದರೇನೇ ಬಸ್ಸು ಸಿಗುವುದು. ಅಷ್ಟು ನನಗೂ ಅರ್ಥವಾಯಿತು.

ಅಕ್ಕನ ಕೈಗೊಂದು ಬಟನ್ ಕೊಟ್ಟರು. ದನಿ ಬಂದಾಗ ಒತ್ತಬೇಕು, ನಿಂತಾಗ ಬಿಡಬೇಕು. ನನ್ನನ್ನು ಗಾಜಿನ ಈಚೆ ಕೂರಿಸಿದರು. ಒಳಗೆ ಯಂತ್ರ ಡಬಡಬ ಬಡಿಯುತ್ತಿತ್ತು. ಅಕ್ಕನ ಪಾದಗಳಷ್ಟೇ ಕಾಣುತ್ತಿದ್ದವು, ಹಿಮ್ಮಡಿಯ ಬಿರುಕಿನಲ್ಲಿ ನಮ್ಮ ಹೊಲದ ಮಣ್ಣಿನ ಕರೆ ಇನ್ನೂ ಇತ್ತು. ಆಕೆ ಬಟನ್ ಒತ್ತಿದಾಗ ನನ್ನೆದುರಿನ ಪರದೆಯ ಮೇಲೆ ಒಂದು ಗುರುತು ಬಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ, ಆಕೆಯನ್ನು ಆ ಹೆಂಗಸು ಕರೆದ ಗಳಿಗೆಯಲ್ಲೇ ಅದು ನನಗೂ ಗೊತ್ತಾಗಿತ್ತು.

ಮರುದಿನ ಮೇಡಂ ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. "ಇದು ನಾವು ಇಯರ್‌ಫೋನಿನಲ್ಲಿ ಮಾತು ಕೇಳಿಸಿದಾಗ. ಇದು ನಾವೇನೂ ಕೇಳಿಸದೆ, ಇವರು ಬಟನ್ ಒತ್ತಿದಾಗ." ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಜಾಗ ಕೆಂಪಾಗಿತ್ತು, ಕಿವಿಯ ಮೇಲೆ, ಒಳಬದಿಗೆ. "ಒಬ್ಬರ ಚಿತ್ರ ನೋಡಿ ಕಾಯಿಲೆ ಹೇಳೋಕಾಗಲ್ಲ. ತುಂಬ ಜನರದ್ದು ಸೇರಿಸಿ ನೋಡಬೇಕು. ಆದರೆ ಇವರು ಸುಳ್ಳು ಹೇಳ್ತಿಲ್ಲ. ಇವರಿಗೆ ಅದು ಕೇಳಿಸುತ್ತೆ."

ಅಕ್ಕ ಗೆದ್ದವರಂತೆ ನನ್ನ ಕಡೆ ನೋಡಲಿಲ್ಲ. ಪರದೆಯ ಕೆಂಪನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ನನಗೆ ಅಳು ತಡೆಯಲಾಗಲಿಲ್ಲ. ಅತ್ತು ಮುಗಿಸಿ, ಅಷ್ಟು ವರ್ಷ ನಮ್ಮ ಮನೆಯಲ್ಲಿ ಒಬ್ಬರೂ ಕೇಳದೆ ಬಿಟ್ಟಿದ್ದನ್ನು ಕೇಳಿದೆ. "ಅಕ್ಕಾ, ಎಲ್ಲಿಗೆ ಕರೀತಾಳ ಆಕಿ?"

"ನಮ್ಮ ಬಾಂವಿಗೆ. ನೀರಾಗ ಇಳಿ ಅಂತಾಳ. ನಾ ಬರೂದಿಲ್ಲ ಅಂತೀನಿ."

ಬರೆಯುತ್ತಿದ್ದ ಮೇಡಂ ಪೆನ್ನು ಕೆಳಗಿಟ್ಟು ಅಕ್ಕನ ಹತ್ತಿರ ಕುರ್ಚಿ ಎಳೆದುಕೊಂಡರು. ಬಹಳ ಹೊತ್ತು ಮಾತಾಡಿಸಿದರು, ಮಿರಜಿಗೆ ಫೋನು ಮಾಡಿ ಗುಳಿಗೆ ಬದಲಿಸುವ ಮಾತಾಡಿದರು. ಬಾವಿಗೆ ಜಾಳಿಗೆ ಹಾಕಿಸಿ, ಒಬ್ಬಳನ್ನೇ ಬಿಡಬೇಡಿ ಎಂದು ನನಗೆ ಹೇಳಿದರು. ನಾನು ತಲೆ ಆಡಿಸುತ್ತ ಕೂತಿದ್ದೆ. ನಾವೆಲ್ಲ ಚಹಾದ ಕರೆ ಎಂದುಕೊಂಡ ಹೊತ್ತಿನಲ್ಲಿ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ, ನಮ್ಮಕ್ಕ ದಿನಕ್ಕೆ ಎಷ್ಟು ಸಲ ಸಾವಿಗೆ ಬರೋದಿಲ್ಲ ಅಂದಿದ್ದಳೋ. ಆ ಯಂತ್ರಗಳಿಗಿಂತ ಅಕ್ಕನೇ ನನಗೆ ದೊಡ್ಡ ಬೆರಗಾದಳು.

ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. "ಮೇಡಂ, ನಾ ಬರೂದಿಲ್ಲ ಅಂದಾಗ ಎಲ್ಲಿ ಕೆಂಪ್ ಆಗತೈತ್ರಿ?"

ಮೇಡಂ ಎದ್ದು ಬಾಗಿಲಿಗೆ ಬಂದರು. "ಅದನ್ನೇ ಇನ್ನೂ ಹುಡುಕ್ತಾ ಇದ್ದೀವಿ," ಅಂದರು.

ಊರಿಗೆ ಬಂದ ವಾರದಲ್ಲೇ ಬಾವಿಗೆ ಜಾಳಿಗೆ ಹಾಕಿಸಿದೆವು. ಈಗ ಹಂಗಾಮಿಗೆ ನಾನು ತವರಿಗೆ ಬಂದರೆ ಆಚೆ ಸಾಲು ಹಿಡಿಯುವುದಿಲ್ಲ. ಅಕ್ಕನ ಸಾಲಿನಲ್ಲೇ, ಆಕೆಯ ಕೈಗೆ ಕೈ ತಾಗುವಷ್ಟು ಹತ್ತಿರ ನಿಂತು ಕಾಯಿ ಬಿಡಿಸುತ್ತೇನೆ.